ಅವಳನ್ನು ಯಾರು ಕೇಳಿದರು?

ಕೇಳುಗರೇ, ನಿಮ್ಮ ಪತ್ರಗಳಲ್ಲಿ ಒಂದೇ ಆತಂಕ ಮತ್ತೆ ಮತ್ತೆ ಬರುತ್ತಿದೆ: ಲೇಖಕಿಯರ ಕಾದಂಬರಿ ಓದಿದರೆ ಹೆಣ್ಣುಮಕ್ಕಳು ಎದುರು ಮಾತಾಡುತ್ತಾರೆ, ಸಂಸಾರ ಒಡೆಯುತ್ತದೆ ಅಂತ. ಆದರೆ ನಮ್ಮ ಗುಡೇಕೋಟೆ ಒನಕೆ ಓಬವ್ವನ ತವರು ಎಂದು ಎದೆಯುಬ್ಬಿಸಿ ಹೇಳುವವರೂ ನಾವೇ. ಶತ್ರುವಿನ ಮೇಲೆ ಒನಕೆ ಎತ್ತಿದವಳು ವೀರವನಿತೆ, ಮನೆಯಲ್ಲಿ ದನಿ ಎತ್ತಿದವಳು ಗಂಡುಬೀರಿ! ಈ ಎರಡು ಅಳತೆ ನನಗೆ ಸಹಿಸಲಾಗುವುದಿಲ್ಲ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಕಾಸರಗೋಡಿನ ಕಡೆಯ ಕತೆ. ಗಂಡನ ಮೇಲೆ ಜೀವವಿದ್ದ ನಾದಿರಾಗೆ ಅಪ್ಪನ ಹಟದಿಂದ ತಲಾಖ್ ಆಗುತ್ತದೆ. ಅವಳನ್ನು ಯಾರೂ ಕೇಳಲಿಲ್ಲ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನೊಡನೆ ಒಂದು ರಾತ್ರಿಯ ಮದುವೆ ಆಗಬೇಕಂತೆ. ಆಗಲೂ ಕೇಳಲಿಲ್ಲ. ಆ ರಾತ್ರಿಗೆ ಅವಳು ಒಪ್ಪುವುದಿಲ್ಲ, ಮಸೀದಿಯ ಕೆರೆಗೆ ಹಾರುತ್ತಾಳೆ. ‘ಸತ್ತಳಲ್ಲ, ಇದೆಂಥ ಪ್ರತಿಭಟನೆ?’ ಎನ್ನುತ್ತೀರಿ. ದಯವಿಟ್ಟು ಕೇಳಿ, ಸಾವನ್ನು ಲೇಖಕಿ ದಾರಿಯೆಂದು ತೋರಿಸಿಲ್ಲ. ಒಪ್ಪಿಗೆ ಕೇಳದ ಮನೆ ಮಗಳನ್ನು ಎಲ್ಲಿಗೆ ತಳ್ಳುತ್ತದೆ ಎಂದು ತೋರಿಸಿದ್ದಾರೆ.

ಇನ್ನೊಮ್ಮೆ ಹೇಳುತ್ತೇನೆ. ಯಾವ ಕತೆಯನ್ನೇ ಓದಿ, ಅವಳನ್ನು ಯಾರು ಕೇಳಿದರು ಎಂದು ನೋಡಿ. ನಮ್ಮ ಕಡೆ ಮದುವೆ ಮಾತುಕತೆಗಳಲ್ಲಿ ನಾನೂ ಕೂತಿದ್ದೇನೆ. ಬಂಗಾರ ಎಷ್ಟು, ಊಟದ ಖರ್ಚು ಯಾರದ್ದು, ಎಲ್ಲ ತೀರ್ಮಾನವಾಗುತ್ತದೆ. ಹುಡುಗಿ ಒಳಗೆ ಚಹಾ ಸೋಸುತ್ತಿರುತ್ತಾಳೆ. ದೇವದಾಸಿ ಮಾಡಲು ಮುತ್ತು ಕಟ್ಟುವಾಗಲೂ ಎಳೆಯ ಹುಡುಗಿಯನ್ನು ಕೇಳಿದವರುಂಟೇ? ಅದನ್ನು ನಿಲ್ಲಿಸಲು 1982ರಲ್ಲಿ ಕಾಯಿದೆಯೇ ಬರಬೇಕಾಯಿತು.

‘ಹೆಣ್ಣಿಗೆ ಹೆಣ್ಣೇ ಶತ್ರು’ ಎಂಬ ಸವಕಲು ಮಾತನ್ನು ಇನ್ನಾದರೂ ಬಿಡಿ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರದು. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು ಬಾಳು ಸವೆಸಿದ ಮುದುಕಿ ಫಣಿಯಮ್ಮ. ಎಳೆಯ ವಿಧವೆ ದಾಕ್ಷಾಯಿಣಿ ‘ನಾನು ತಲೆ ಕೊಡುವುದಿಲ್ಲ’ ಎಂದು ನಿಂತಾಗ ಆ ಮುದುಕಿ ಹುಡುಗಿಯ ಪರ ನಿಲ್ಲುತ್ತಾಳೆ. ತಾನು ಪಟ್ಟದ್ದನ್ನು ಇವಳೂ ಪಡಲಿ ಎನ್ನಲಿಲ್ಲ.

ಈ ಎರಡು ಪುಸ್ತಕಗಳನ್ನು ಹೆಣ್ಣುಮಕ್ಕಳಿಂದ ಬಚ್ಚಿಡಬೇಡಿ. ಮನೆಯ ಗಂಡಸರು ಮೊದಲು ಓದಿ. ಮುಂದಿನ ಮಾತುಕತೆಗೆ ಕೂರುವ ಮುನ್ನ, ಒಳಗಿರುವ ಹುಡುಗಿಯನ್ನು ಕರೆದು ‘ನಿನಗೇನನ್ನಿಸುತ್ತದೆ, ತಾಯಿ?’ ಎಂದು ಕೇಳಿ. ಅವಳು ಬೇಡವೆಂದರೆ, ಅಲ್ಲಿಗೇ ನಿಲ್ಲಿಸಿ.