ಜಾನ್ ಕ್ವಿನ್ಸಿ ಆಡಮ್ಸನ ಎರಡನೆಯ ಬಾಳು

ರಾಜ್ಯವನ್ನಾಳಿದವನು ಅಧಿಕಾರದಿಂದಿಳಿದ ಮೇಲೆ ಏನು ಮಾಡಬೇಕು? ನಮ್ಮ ಪೂರ್ವಿಕರು ವಾನಪ್ರಸ್ಥವನ್ನು ವಿಧಿಸಿದ್ದರು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಮೊದಲ ಐವರು ಅಧ್ಯಕ್ಷರೂ ತಮ್ಮ ಅವಧಿ ತೀರಿದೊಡನೆ ಊರಿಗೆ ಮರಳಿದರು. ಆರನೆಯವನಾದ ಜಾನ್ ಕ್ವಿನ್ಸಿ ಆಡಮ್ಸನು ಹಿಡಿದ ದಾರಿ ಬೇರೆ. ಅದನ್ನು ಕುರಿತೇ ಈ ಸಂಜೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಆಡಮ್ಸನು ಹುಟ್ಟಿದ್ದು 1767ರಲ್ಲಿ, ಮ್ಯಾಸಚೂಸೆಟ್ಸ್ ಸೀಮೆಯಲ್ಲಿ. ಆತನ ತಂದೆ ಜಾನ್ ಆಡಮ್ಸನು ಆ ದೇಶದ ಎರಡನೆಯ ಅಧ್ಯಕ್ಷ. ಮಗನು ಹಾಲೆಂಡು, ಪ್ರಷ್ಯ, ರಷ್ಯ, ಇಂಗ್ಲೆಂಡುಗಳಲ್ಲಿ ರಾಯಭಾರಿಯಾಗಿದ್ದು, 1817ರಿಂದ ಎಂಟು ವರ್ಷ ವಿದೇಶಾಂಗ ಮಂತ್ರಿಯಾಗಿ ಹೆಸರು ಪಡೆದನು. ಫ್ಲಾರಿಡ ಪ್ರಾಂತವು ಸ್ಪೇನಿನಿಂದ ಅಮೆರಿಕಕ್ಕೆ ಬಂದದ್ದು 1819ರಲ್ಲಿ ಆತನು ಮಾಡಿಕೊಂಡ ಕೌಲಿನಿಂದ.

ಆದರೆ ಅಧ್ಯಕ್ಷ ಪದವಿ ಆತನಿಗೆ ಸುಖ ತರಲಿಲ್ಲ. 1824ರ ಚುನಾವಣೆಯಲ್ಲಿ ಜಾಕ್ಸನ್ನನಿಗೆ 99, ಆಡಮ್ಸನಿಗೆ 84 ನಿರ್ವಾಚಕ ಮತಗಳು ಬಂದುವು. ಯಾರಿಗೂ ಬಹುಮತವಿಲ್ಲದ ಕಾರಣ ನಿರ್ಣಯವು ಪ್ರತಿನಿಧಿ ಸಭೆಯ ಪಾಲಿಗೆ ಬಂದಿತು. ಹೆನ್ರಿ ಕ್ಲೇ ಎಂಬವನ ಬೆಂಬಲದಿಂದ ಆಡಮ್ಸನು ಗೆದ್ದು, ಆ ಕ್ಲೇಯನ್ನೇ ತನ್ನ ಮಂತ್ರಿಯನ್ನಾಗಿ ಮಾಡಿಕೊಂಡನು. ಇದು ಒಳವ್ಯಾಪಾರವೆಂಬ ಕೂಗೆದ್ದಿತು. ರಸ್ತೆ, ಕಾಲುವೆ, ವಿಶ್ವವಿದ್ಯಾನಿಲಯ, ಖಗೋಳ ವೀಕ್ಷಣಾಲಯ ಎಂದು ಆತನು ಹಾಕಿದ ಯೋಜನೆಗಳು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿದುವು. 1828ರಲ್ಲಿ ಜಾಕ್ಸನ್ನನು ಆತನನ್ನು ಸೋಲಿಸಿದನು.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಆದರೆ 1830ರಲ್ಲಿ, ಅರವತ್ತಮೂರರ ವಯಸ್ಸಿನಲ್ಲಿ, ಆತನು ಪ್ರತಿನಿಧಿ ಸಭೆಗೆ ಸಾಮಾನ್ಯ ಸದಸ್ಯನಾಗಿ ಆರಿಸಿಬಂದನು. ಜನರ ಇಚ್ಛೆಯಿದ್ದರೆ ಊರಪಂಚಾಯತಿಯಲ್ಲಿ ಕುಳಿತರೂ ಮಾಜಿ ಅಧ್ಯಕ್ಷನಿಗೆ ಕುಂದಿಲ್ಲವೆಂಬುದು ಆತನ ಮತ.

ಆಗ ಗುಲಾಮಗಿರಿಯ ವಿರುದ್ಧ ಸಭೆಗೆ ಸಾವಿರಾರು ಅರ್ಜಿಗಳು ಬರುತ್ತಿದ್ದುವು. ಅವುಗಳಲ್ಲಿ ಎಷ್ಟೋ ಅರ್ಜಿಗಳಿಗೆ ಸಹಿ ಹಾಕಿದ್ದವರು ಮತದಾನದ ಹಕ್ಕೇ ಇಲ್ಲದ ಸ್ತ್ರೀಯರು. 1836ರಲ್ಲಿ ಸಭೆಯು ಒಂದು ನಿರ್ಣಯ ಮಾಡಿತು: ಇಂತಹ ಅರ್ಜಿಗಳನ್ನು ಅಚ್ಚುಮಾಡಿಸದೆ, ಚರ್ಚಿಸದೆ ಬದಿಗಿಡತಕ್ಕದ್ದು. ಆಡಮ್ಸನು ಇದನ್ನು ವಿರೋಧಿಸಿ ನಿಂತನು. ಗುಲಾಮಗಿರಿಯನ್ನು ತಕ್ಷಣವೇ ತೆಗೆದುಹಾಕಬೇಕೆಂಬ ಪಂಥಕ್ಕೆ ಆತನು ಸೇರಿದವನಲ್ಲ. ಅರ್ಜಿಯನ್ನು ತಿರಸ್ಕರಿಸುವ ಅಧಿಕಾರ ಸಭೆಗಿದೆ, ಕೇಳದೆ ಕಿವಿ ಮುಚ್ಚಿಕೊಳ್ಳುವ ಅಧಿಕಾರವಿಲ್ಲ. ಇಷ್ಟೇ ಆತನ ವಾದ.

1837ರಲ್ಲಿ ಒಂದು ದಿನ, ಗುಲಾಮರೇ ಬರೆದುದೆಂದು ತೋರುವ ಅರ್ಜಿಯೊಂದು ತನ್ನಲ್ಲಿದೆ, ಅದಕ್ಕೂ ಈ ನಿಯಮ ಅನ್ವಯಿಸುವುದೆ, ಎಂದು ಆತನು ಅಧ್ಯಕ್ಷಪೀಠವನ್ನು ಕೇಳಿದನು. ದಕ್ಷಿಣದ ಸದಸ್ಯರು ಕೆರಳಿ ಆತನನ್ನು ಖಂಡಿಸಬೇಕೆಂದರು. ಆಮೇಲೆ ತಿಳಿದುಬಂದದ್ದೇನು? ಆ ಅರ್ಜಿ ಗುಲಾಮಗಿರಿ ಇರಲೆಂದೇ ಕೋರಿತ್ತು! ಓದದೆ ತೀರ್ಪು ಕೊಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

1841ರಲ್ಲಿ ‘ಅಮಿಸ್ಟಾಡ್’ ಹಡಗಿನ ಮೊಕದ್ದಮೆ ಬಂದಿತು. ಅನ್ಯಾಯವಾಗಿ ಸೆರೆಹಿಡಿದು ತಂದಿದ್ದ ಆಫ್ರಿಕದವರು ಆ ಹಡಗಿನಲ್ಲಿ ದಂಗೆಯೆದ್ದು ಅಮೆರಿಕದ ತೀರಕ್ಕೆ ಬಂದಿದ್ದರು. ಅವರನ್ನು ಸ್ಪೇನಿನವರಿಗೆ ಒಪ್ಪಿಸಲು ಸರ್ಕಾರ ಹವಣಿಸುತ್ತಿತ್ತು. ಎಪ್ಪತ್ತಮೂರರ ಆಡಮ್ಸನು ಬಾಲ್ಡ್ವಿನ್ ಎಂಬ ವಕೀಲನೊಡನೆ ಶ್ರೇಷ್ಠ ನ್ಯಾಯಾಲಯದ ಮುಂದೆ ಅವರ ಪರವಾಗಿ ವಾದಿಸಿದನು. ಅವರಿಗೆ ಬಿಡುಗಡೆಯಾಯಿತು.

ಎಂಟು ವರ್ಷಗಳ ಹಟ 1844ರ ಡಿಸೆಂಬರಿನಲ್ಲಿ ಫಲಿಸಿತು. ಆತನ ಸೂಚನೆಯಂತೆ 108 ಮತಗಳಿಂದ, 80 ಮತಗಳ ವಿರೋಧವಿದ್ದರೂ, ಆ ನಿಯಮ ರದ್ದಾಯಿತು. 1848ರ ಫೆಬ್ರವರಿ 21ರಂದು ಸಭೆಯಲ್ಲಿ ತನ್ನ ಸ್ಥಾನದಲ್ಲಿಯೇ ಕುಸಿದ ಮುದುಕನು ಎರಡು ದಿನಗಳ ಬಳಿಕ ಅದೇ ಭವನದಲ್ಲಿ ಪ್ರಾಣಬಿಟ್ಟನು. ಆ ಸಭೆಯ ಹೊಸ ಸದಸ್ಯರಲ್ಲಿ ಅಬ್ರಹಾಂ ಲಿಂಕನ್ನನೂ ಒಬ್ಬನು.

ಗುಲಾಮಗಿರಿಯು ಕಾನೂನಿನಿಂದ ತೊಲಗಿದ್ದು 1865ರಲ್ಲಿ, ಘೋರ ಅಂತರ್ಯುದ್ಧದ ಬಳಿಕ. ಆಡಮ್ಸನು ಅದನ್ನು ಕಾಣಲಿಲ್ಲ. ದೇಶವನ್ನಾಳಿದ ನಾಲ್ಕು ವರ್ಷಗಳಲ್ಲಿ ಆತನಿಂದ ಆಗದ ಹಿರಿಯ ಕೆಲಸವು, ಇತರರ ಸಾಲಿನಲ್ಲಿ ಒಬ್ಬನಾಗಿ ಕುಳಿತ ಸುಮಾರು ಹದಿನೇಳು ವರ್ಷಗಳಲ್ಲಿ ಆಯಿತು. ಬಹುಮತಕ್ಕೆ ಗೆಲ್ಲುವ ಹಕ್ಕುಂಟು, ಬಡವನ ಬಿನ್ನಹವನ್ನು ಬಾಗಿಲಲ್ಲೇ ತಡೆಯುವ ಹಕ್ಕಿಲ್ಲ. ಪ್ರಜಾಪ್ರಭುತ್ವವುಳ್ಳ ಯಾವ ನಾಡಿಗೂ ಈ ಮಾತು ಹಳತಾಗುವುದಿಲ್ಲ.