ಬೆಳೆಯುವುದು, ಬಲಿಯುವುದು, ಮಾಗುವುದು

ದಿನವೂ ಬಳಸಿ ನಾಲಗೆಗೆ ಸಲೀಸಾದ ಪದಗಳ ಅರ್ಥವನ್ನು ನಿಂತು ವಿಚಾರಿಸುವ ಪ್ರಸಂಗ ನಮಗೆ ಸಾಮಾನ್ಯವಾಗಿ ಒದಗುವುದಿಲ್ಲ. 'ಮಾಗು' ಎಂಬುದು ಅಂಥ ಒಂದು ಪದ. ಹಣ್ಣು ಮಾಗಿತೆನ್ನುತ್ತೇವೆ, ಬುದ್ಧಿ ಮಾಗಿತೆನ್ನುತ್ತೇವೆ, ಅನುಭವ ಮಾಗಿದ ಹಿರಿಯರೆಂದು ಗೌರವದಿಂದ ನುಡಿಯುತ್ತೇವೆ. ಈ ಪದವನ್ನೂ ಇದರ ನೆರೆಹೊರೆಯ ಕೆಲವು ಪದಗಳನ್ನೂ ಶ್ರೋತೃಗಳ ಮುಂದಿಟ್ಟು, ಅವುಗಳೊಳಗಿನ ಭೇದವೇನು, ಆ ಭೇದವನ್ನು ಮರೆತರೆ ನಮಗಾಗುವ ನಷ್ಟವೇನು ಎಂಬುದನ್ನು ವಿಚಾರಮಾಡುವುದು ಈ ಹೊತ್ತಿನ ಉದ್ದೇಶ.

ಮೊದಲು ಒಂದು ಮಾವಿನ ಮರದ ಕೆಳಗೆ ನಿಂತು ನೋಡೋಣ. ಹೂವು ಉದುರಿದ ಮೇಲೆ ಕಾಣುವುದು ಹೀಚು, ಅದು ತುಸು ದೊಡ್ಡದಾದರೆ ಮಿಡಿ, ಅನಂತರ ಕಾಯಿ, ಹಣ್ಣಿನ ಸೂಚನೆ ತೋರಿದರೆ ದೋರೆಗಾಯಿ, ಕೊನೆಗೆ ಹಣ್ಣು. ಒಂದೇ ವಸ್ತುವಿಗೆ ಇಷ್ಟು ಹೆಸರುಗಳನ್ನಿಟ್ಟ ನಮ್ಮ ಜನ, ಆ ವಸ್ತುವಿನಲ್ಲಿ ನಡೆಯುವ ಕ್ರಿಯೆಗಳಿಗೂ ಬೇರೆ ಬೇರೆ ಮಾತುಗಳನ್ನು ಮಾಡಿಕೊಂಡಿದ್ದಾರೆ. ಮಿಡಿ ಕಾಯಾಗುವುದು ಬೆಳೆಯುವುದರಿಂದ. ಕಾಯಿ ಗಟ್ಟಿಯಾಗಿ, ಓಟೆ ಬಿರುಸಾಗಿ, ಒಳಗೆ ಸತ್ತ್ವ ತುಂಬುವುದು ಬಲಿಯುವುದರಿಂದ. ಬಲಿತ ಕಾಯಿ ಮೆದುವಾಗಿ ಕಂಪು ಬೀರುವುದು ಮಾಗುವುದರಿಂದ. ಬೆಳೆಯುವುದು ಗಾತ್ರದ ಮಾತು. ಬಲಿಯುವುದು ಶಕ್ತಿಯ ಮಾತು. ಮಾಗುವುದು ಗುಣದ ಮಾತು.

ಎಲ್ಲ ಕಾಯಿಗಳೂ ಈ ಮೂರು ಮೆಟ್ಟಿಲುಗಳನ್ನು ಒಂದೇ ಬಗೆಯಾಗಿ ಏರುವುದಿಲ್ಲ. ತೆಂಗಿನಕಾಯನ್ನು ನೋಡಿ. ಅದು ಬಲಿಯುತ್ತದೆಯೇ ಹೊರತು ಯಾರೂ ಅದನ್ನು ತೆಂಗಿನ ಹಣ್ಣೆನ್ನುವುದಿಲ್ಲ. ಬಲಿಯಲು ಅದಕ್ಕೆ ಸುಮಾರು ೧೨ ತಿಂಗಳು ಬೇಕು. ಹಾಗೆ ಬಲಿತ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ಇಂಗಿದ ಮೇಲೆ ಒಡೆದರೆ ತಿಪಟೂರಿನ ಕಡೆಯ ಉಂಡೆ ಕೊಬ್ಬರಿ ದೊರೆಯುತ್ತದೆ. ಎಳೆಯ ಕಾಯನ್ನು ಎಷ್ಟು ಕಾಲ ಅಟ್ಟದಲ್ಲಿಟ್ಟರೂ ಅದು ಕೊಬ್ಬರಿಯಾಗುವುದಿಲ್ಲ. ಬೆಂಡೆಕಾಯಿ ಬಲಿತರೆ ಅಡಿಗೆಗೆ ಬಾರದು. ಅದರ ಬೀಜಕ್ಕಾದರೋ ಬಲಿಯುವುದೇ ಸಾರ್ಥಕ್ಯ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ' ಎಂಬ ಗಾದೆಯಲ್ಲಿರುವುದೂ ಬಲಿಯುವುದರ ವಿಚಾರವೇ.

'ಹಣ್ಣು' ಎಂಬ ಮಾತಿನ ವ್ಯಾಪ್ತಿ ಇನ್ನೂ ದೊಡ್ಡದು. ಹಳಗನ್ನಡದ 'ಪಣ್', ತೆಲುಗಿನ 'ಪಂಡು', ತಮಿಳಿನ 'ಪಳಂ' ಇವೆಲ್ಲ ಒಂದೇ ಕುಲದವು. ಉದುರಲಿರುವ ಎಲೆ ಹಣ್ಣೆಲೆ. ನರೆತ ತಲೆ ಹಣ್ಣಾದ ತಲೆ. ಕುರು ಒಡೆಯುವ ಮುನ್ನ ಹಣ್ಣಾಗುತ್ತದೆ. ದುಡಿದು ಬಳಲಿದವನೂ ಹಣ್ಣಾಗುತ್ತಾನೆ. ಮುಗಿಯುವ ಕಾಲದ ನೆರಳು ಈ ಪದದ ಮೇಲೆ ಬಿದ್ದಿದೆ. 'ಮಾಗು' ಎಂಬುದರಲ್ಲಿ ಆ ಬಳಲಿಕೆಯಿಲ್ಲ. ದುಡಿದು ಹಣ್ಣಾದವನನ್ನು ಕಂಡು ಮರುಗುತ್ತೇವೆ. ಬಾಳಿ ಮಾಗಿದವನ ಬಳಿ ಬುದ್ಧಿ ಕೇಳಲು ಹೋಗುತ್ತೇವೆ. ಪ್ರಾಸಂಗಿಕವಾಗಿ ಒಂದು ಮಾತು: 'ಮಾಗಿಯ ಚಳಿ'ಯಲ್ಲಿರುವ ಮಾಗಿಗೂ ಈ ಮಾಗುವುದಕ್ಕೂ ಸಂಬಂಧವಿಲ್ಲ, ಅದು ಮಾಘಮಾಸದ ತದ್ಭವ.

ಸಂಸ್ಕೃತವು ಇದೇ ಸಂಗತಿಯನ್ನು ಬೇರೊಂದು ದಿಕ್ಕಿನಿಂದ ನೋಡಿತು. 'ಪಕ್ವ' ಎಂಬುದು ಬೇಯಿಸು ಎಂಬರ್ಥದ 'ಪಚ್' ಧಾತುವಿನಿಂದ ಬಂದದ್ದು. ಒಲೆಯ ಮೇಲಿನ ಅನ್ನವೂ ಪಕ್ವ, ಕೊಂಬೆಯ ಮೇಲಿನ ಹಣ್ಣೂ ಪಕ್ವ. ಹಸಿಯ ಮಡಕೆ ಆವಿಗೆಯಲ್ಲಿ ಬೆಂದು ಕೆಂಪಾಗುವುದನ್ನು ವಿವೇಚಿಸಿದ ವೈಶೇಷಿಕರು, ತೇಜಸ್ಸಿನ ಸಂಯೋಗದಿಂದ ಪೃಥಿವಿಯಲ್ಲಿ ರೂಪ, ರಸ, ಗಂಧ, ಸ್ಪರ್ಶ ಎಂಬ ನಾಲ್ಕು ಗುಣಗಳು ಮಾರ್ಪಡುವುವೆಂದು ಹೇಳಿ, ಅವನ್ನು ಪಾಕಜ ಗುಣಗಳೆಂದು ಕರೆದರು. ಮಾವು ಮಾಗುವಾಗ ಬದಲಾಗುವುವೂ ಈ ನಾಲ್ಕೇ ಅಲ್ಲವೆ? ಹಸುರು ಹೋಗಿ ಹಳದಿ ಬರುತ್ತದೆ, ಹುಳಿ ಹೋಗಿ ಸಿಹಿ ಬರುತ್ತದೆ, ಕಂಪು ಹುಟ್ಟುತ್ತದೆ, ಕಠಿಣವಾದುದು ಮೃದುವಾಗುತ್ತದೆ.

ಇನ್ನು ಆಧುನಿಕ ಸಸ್ಯಶಾಸ್ತ್ರವು ಹೇಳುವುದನ್ನು ಕೇಳೋಣ. ೧೯೦೧ರಲ್ಲಿ ರಷ್ಯದ ನೆಲ್ಯುಬಾವ್ ಎಂಬ ವಿಜ್ಞಾನಿ, ದೀಪದ ಅನಿಲದಲ್ಲಿರುವ ಎಥಿಲೀನ್ ಎಂಬ ಅಂಶವು ಬಟಾಣಿಯ ಮೊಳಕೆಗಳ ಬೆಳವಣಿಗೆಯನ್ನು ಮಾರ್ಪಡಿಸುವುದೆಂದು ತೋರಿಸಿದನು. ೧೯೨೦ರ ದಶಕದಲ್ಲಿ ಇಂಗ್ಲೆಂಡಿನ ಕಿಡ್ ಮತ್ತು ವೆಸ್ಟ್ ಎಂಬ ಇಬ್ಬರು, ಸೇಬು ಮಾಗುವ ಕಾಲಕ್ಕೆ ಅದರ ಉಸಿರಾಟ ಥಟ್ಟನೆ ಏರುವುದನ್ನು ಕಂಡರು. ೧೯೩೪ರಲ್ಲಿ ಗೇನ್ ಎಂಬವನು, ಮಾಗುವ ಹಣ್ಣು ತಾನೇ ಎಥಿಲೀನನ್ನು ಹೊರಸೂಸುವುದೆಂದು ಸಿದ್ಧಪಡಿಸಿದನು. ಮಾವು, ಬಾಳೆ, ಪರಂಗಿ, ಸಪೋಟ ಇವು ಈ ವರ್ಗದವು. ಬಲಿತ ಮೇಲೆ ಕಿತ್ತರೂ ಮಾಗುತ್ತವೆ. ದ್ರಾಕ್ಷಿ, ಕಿತ್ತಳೆ, ದಾಳಿಂಬೆ, ಅನಾನಸುಗಳು ಹಾಗಲ್ಲ. ಅವು ಗಿಡದಲ್ಲಿಯೇ ಮಾಗಬೇಕು.

ನಮ್ಮ ಹಿರಿಯರು ಮಾವನ್ನು ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದರು. ಬಾಳೆಯ ಗೊನೆಗೆ ಹೊಗೆ ಕೊಡುತ್ತಿದ್ದರು. ಹುಲ್ಲು ಬಿಸುಪನ್ನೂ ಕಾಯಿ ಸೂಸುವ ಅನಿಲವನ್ನೂ ಹಿಡಿದಿಡುತ್ತಿತ್ತು. ಹೊಗೆಯಲ್ಲಿ ಎಥಿಲೀನೇ ಇತ್ತು. ಹೆಸರು ತಿಳಿಯದಿದ್ದರೂ ಕೆಲಸ ತಿಳಿದಿತ್ತು. ಆದರೆ ಅಡೆ ಹಾಕುವವನು ಮೊದಲು ನೋಡುತ್ತಿದ್ದುದು ಕಾಯಿ ಬಲಿತಿದೆಯೇ ಎಂಬುದನ್ನು. ತೊಟ್ಟಿನ ಎರಡು ಪಕ್ಕಗಳು ತುಂಬಿ ಮೇಲೆದ್ದಿರಬೇಕು. ನೀರಿಗೆ ಹಾಕಿದರೆ ಬಲಿತ ಕಾಯಿ ಸಾಮಾನ್ಯವಾಗಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಎಥಿಲೀನ್ ಮಾಡುವ ಕೆಲಸ, ಕಾಯಲ್ಲಿ ಮೊದಲೇ ಕೂಡಿಟ್ಟಿರುವ ಪಿಷ್ಟವು ಸಕ್ಕರೆಯಾಗುವುದನ್ನು ಆರಂಭಿಸುವುದು. ಕೂಡಿಡದೆ ಇದ್ದುದನ್ನು ಯಾವ ಅನಿಲವೂ ತಂದುಕೊಡಲಾರದು.

ಪೇಟೆಯಲ್ಲಿ ನಡೆಯುವ ಅನರ್ಥಕ್ಕೆ ಮೂಲ ಇಲ್ಲಿಯೇ ಇದೆ. ಬೆಲೆ ಹೆಚ್ಚಾಗಿರುವ ಮೊದಲ ದಿನಗಳಲ್ಲಿಯೇ ಮಾರಬೇಕೆಂಬ ಆತುರದಿಂದ ಬೆಳೆದ, ಆದರೆ ಬಲಿಯದ ಕಾಯನ್ನು ಕಿತ್ತು, ಕ್ಯಾಲ್ಸಿಯಂ ಕಾರ್ಬೈಡಿನ ಪೊಟ್ಟಣಗಳ ನಡುವೆ ಇಡುವುದುಂಟು. ತೇವ ತಾಗಿದೊಡನೆ ಅದರಿಂದ ಅಸಿಟಿಲೀನ್ ಎಂಬ ಅನಿಲ ಹೊರಡುತ್ತದೆ; ಅದರ ಜತೆಯಲ್ಲಿ ಆರ್ಸೆನಿಕ್ ಮತ್ತು ರಂಜಕದ ಕಲ್ಮಷವೂ ಇರುವುದುಂಟು. ಸಿಪ್ಪೆ ಹಳದಿಯಾಗುತ್ತದೆ, ತಿರುಳು ಹುಳಿಯಾಗಿಯೇ ಉಳಿಯುತ್ತದೆ. ೨೦೧೧ರ ಆಹಾರ ಸುರಕ್ಷತಾ ನಿಯಮಗಳು ಕಾರ್ಬೈಡಿನಿಂದ ಹಣ್ಣುಮಾಡುವುದನ್ನು ನಿಷೇಧಿಸಿವೆ. ಎಥಿಲೀನನ್ನು ಹತ್ತು ಲಕ್ಷ ಪಾಲಿಗೆ ೧೦೦ ಪಾಲಿನ ಮಿತಿಯಲ್ಲಿ ಬಳಸಲು ಅನುಮತಿಯಿದೆ. ಕಾನೂನು ವಿಷವನ್ನು ತಡೆಯಬಲ್ಲದು. ಬಲಿಯದುದಕ್ಕೆ ರುಚಿಯನ್ನು ಕೊಡಲಾರದು.

ಕಾಯಿಯ ವಿಷಯದಲ್ಲಿ ಈ ತಪ್ಪಿನಿಂದ ಕೆಡುವುದು ಒಂದು ಹಣ್ಣು. ಮನುಷ್ಯರ ವಿಷಯದಲ್ಲಿ ಕೆಡುವುದು ಒಂದು ಬಾಳು. ಹೆಣ್ಣುಮಗುವಿನ ಬೆಳವಣಿಗೆಯಲ್ಲಿ ಒಂದು ಘಟ್ಟವನ್ನು ನಾವು 'ಮೈನೆರೆಯುವುದು' ಎನ್ನುತ್ತೇವೆ. ನೆರೆಯುವುದೆಂದರೆ ತುಂಬಿಬರುವುದು. ಬಹುಕಾಲ ನಮ್ಮ ಸಮಾಜ ಇದನ್ನೇ ಬಲಿತದ್ದರ ಗುರುತೆಂದು ಭಾವಿಸಿತು. ಎಷ್ಟೋ ಮನೆಗಳಲ್ಲಿ ಅದಕ್ಕೂ ಮೊದಲೇ ಮದುವೆ ಮುಗಿಸಿತು. ಆದರೆ ವೈದ್ಯಶಾಸ್ತ್ರ ಹೇಳುವುದೇನು? ಮೈನೆರೆದ ಮೇಲೆಯೂ ಹುಡುಗಿಯ ಎತ್ತರ ಸುಮಾರು ಎರಡು ವರ್ಷ ಹೆಚ್ಚುತ್ತಿರುತ್ತದೆ. ಹೆರಿಗೆಗೆ ದಾರಿಯಾಗುವ ಸೊಂಟದ ಮೂಳೆಗಳು ವಿಶಾಲವಾಗುವುದಕ್ಕೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಮುಂದಾಲೋಚನೆಗೆ ಆಧಾರವಾದ ಮಿದುಳಿನ ಭಾಗಗಳು ಇಪ್ಪತ್ತರ ಆಚೆಯೂ ಬಲಿಯುತ್ತಿರುತ್ತವೆ. ಎಳೆಯ ತಾಯಂದಿರಲ್ಲಿ ಹೆರಿಗೆಯ ತೊಡಕುಗಳೂ, ಕಡಮೆ ತೂಕದ ಶಿಶುಗಳೂ ಹೆಚ್ಚೆಂಬುದು ವೈದ್ಯರು ಕಂಡ ಸಂಗತಿ.

ಕಾನೂನಿನ ಚರಿತ್ರೆಯನ್ನು ನೋಡಿದರೆ, ಈ ಭೇದವನ್ನು ನಾವು ಎಷ್ಟು ನಿಧಾನವಾಗಿ ಒಪ್ಪಿಕೊಂಡೆವೆಂಬುದು ತಿಳಿಯುತ್ತದೆ. ೧೮೯೪ರಲ್ಲಿ ಮೈಸೂರು ಸಂಸ್ಥಾನವು ೮ ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು; ಆ ಕಾಲಕ್ಕೆ ಅದೇ ದಿಟ್ಟ ಹೆಜ್ಜೆ. ಬ್ರಿಟಿಷ್ ಇಂಡಿಯದಲ್ಲಿ ೧೯೨೯ರ ಶಾರದಾ ಕಾಯಿದೆ ಹೆಣ್ಣಿಗೆ ೧೪ ವರ್ಷವನ್ನು ಗೊತ್ತುಮಾಡಿತು. ೧೯೭೮ರಲ್ಲಿ ಅದು ೧೮ ಆಯಿತು. ೨೦೦೬ರ ಕಾನೂನೂ ಅದನ್ನೇ ಉಳಿಸಿಕೊಂಡಿತು. ಎಂಟರಿಂದ ಹದಿನೆಂಟಕ್ಕೆ ಬರಲು ಎಂಬತ್ತನಾಲ್ಕು ವರ್ಷಗಳು ಹಿಡಿದುವು. ಇಂದಿಗೂ ಎಲ್ಲ ಮನೆಗಳೂ ಈ ಕಾನೂನನ್ನು ಪಾಲಿಸುತ್ತಿವೆಯೆಂದು ಹೇಳುವಂತಿಲ್ಲ. 'ಹುಡುಗಿ ಬೆಳೆದು ನಿಂತಿದ್ದಾಳೆ' ಎಂಬ ಮಾತು ಮದುವೆಗೆ ಸಾಕಾದ ಕಾರಣವೆಂದು ನಂಬುವವರು ಇನ್ನೂ ಇದ್ದಾರೆ. ಬೆಳೆದಿದ್ದಾಳೆ, ನಿಜ; ಬಲಿತಿದ್ದಾಳೆಯೇ ಎಂಬುದಲ್ಲವೆ ಪ್ರಶ್ನೆ?

ನಮ್ಮ ಪಠ್ಯಪುಸ್ತಕಗಳಲ್ಲಿ ಬಲಿಯುವುದಕ್ಕೂ ಮಾಗುವುದಕ್ಕೂ 'ಪಕ್ವತೆ' ಎಂಬ ಒಂದೇ ಪದವನ್ನು ಬಳಸಿರುವುದು ಕಾಣಬರುತ್ತದೆ. ಆ ಪದದಲ್ಲಿ ದೋಷವಿಲ್ಲ. ಎರಡು ಕೆಲಸಗಳನ್ನು ಒಂದರ ಮೇಲೆ ಹೊರಿಸಿದ್ದು ಮಾತ್ರ ದೋಷ. ತೋಟಿಗನ ಬಾಯಲ್ಲಿ ಈ ಭೇದ ಇಂದಿಗೂ ಜೀವಂತವಾಗಿದೆ. ಅದನ್ನು ಶಾಸ್ತ್ರದ ಬರಹಕ್ಕೂ ಶಾಲೆಯ ಪಾಠಕ್ಕೂ ತರುವುದು ಕಷ್ಟದ ಕೆಲಸವೇನೂ ಅಲ್ಲ.

ಬೆಳೆಯುವುದಕ್ಕೆ ಗೊಬ್ಬರ ನೀರು ಬೇಕು. ಬಲಿಯುವುದಕ್ಕೆ ಕಾಲ ಬೇಕು. ಮಾಗುವುದಕ್ಕೆ ಇವೆರಡೂ ಮೊದಲೇ ಮುಗಿದಿರಬೇಕು. ಮೊದಲನೆಯದನ್ನು ನಾವು ಕೊಡಬಹುದು. ಎರಡನೆಯದಕ್ಕೆ ನಾವು ಕಾಯಬೇಕು. ಕಾದವರಿಗೆ ಮೂರನೆಯದು ದೊರೆಯುತ್ತದೆ. ಮಾವಿನಕಾಯನ್ನು ಕೀಳುವಾಗಲೂ, ಮನೆಯ ಮಗಳ ವಿಷಯದಲ್ಲಿ ನಿಶ್ಚಯಮಾಡುವಾಗಲೂ ಈ ಮೂರು ಕನ್ನಡ ಮಾತುಗಳನ್ನು ಬೇರೆಬೇರೆಯಾಗಿ ನೆನೆಯಬೇಕೆಂದು ಶ್ರೋತೃಗಳಲ್ಲಿ ವಿಜ್ಞಾಪಿಸಿ ನನ್ನ ಮಾತನ್ನು ಮುಗಿಸುತ್ತೇನೆ.