ಆಫ್ ಮಾಡಿ ಆನ್ ಮಾಡಿದರೆ ರಿಪೇರಿ ಆಯ್ತಾ?

ಇವತ್ತು ರಾಜಕೀಯ ಬೇಡ. ನಿಮ್ಮ ಮನೆ ಗೋಡೆ ಮೇಲೆ ಕೂತು ಮಿಣಮಿಣ ಅಂತ ಕಣ್ಣು ಮಿಟುಕಿಸೋ ಪುಟ್ಟ ಪೆಟ್ಟಿಗೆ ಇದೆಯಲ್ಲ, ಅದರ ಬಗ್ಗೆ ಮಾತಾಡೋಣ. ಅರ್ಧ ಗಂಟೆ ಇಂಟರ್ನೆಟ್ ಚೆನ್ನಾಗಿರುತ್ತೆ. ಐದು ನಿಮಿಷ ಮಾಯ. ಮತ್ತೆ ತಾನಾಗೇ ಬರುತ್ತೆ. ಪೂರ್ತಿ ಕೆಟ್ಟು ಹೋದರೆ ಒಂದು ಲೆಕ್ಕದಲ್ಲಿ ನೆಮ್ಮದಿ, ಯಾರಾದರೂ ಬಂದು ಸರಿ ಮಾಡ್ತಾರೆ. ಆದರೆ ಹೀಗೆ ಹೋಗಿ ಬಂದು ಮಾಡೋದಿದೆಯಲ್ಲ, ಅದು ಡಾಕ್ಟರ್ ಎದುರು ಕೂತಾಗ ಮಾತ್ರ ವಾಸಿಯಾಗೋ ಹೊಟ್ಟೆನೋವಿನ ಥರ.

ಕಸ್ಟಮರ್ ಕೇರ್‌ಗೆ ಫೋನ್ ಮಾಡ್ತೀರಿ. "ಸರ್, ಒಂದ್ಸಲ ರೂಟರ್ ಆಫ್ ಮಾಡಿ ಆನ್ ಮಾಡಿ." ಮಾಡ್ತೀರಿ. ಬರುತ್ತೆ. "ಬಂತಾ ಸರ್? ಥ್ಯಾಂಕ್ಯೂ ಸರ್." ಮರುಕ್ಷಣ ಮೆಸೇಜು: ನಿಮ್ಮ ದೂರು ಬಗೆಹರಿದಿದೆ! ಸಂಜೆಗೆ ಮತ್ತೆ ಹೋಗುತ್ತೆ. ಹೊಸ ದೂರು, ಹೊಸ ನಂಬರ್, ಹೊಸ ಹುಡುಗ, ಹಳೇ ಮಂತ್ರ.

ನಾನು ಓದಿದ್ದು ಇಂಜಿನಿಯರಿಂಗ್, ಬಂದು ಸೇರಿದ್ದು ಸ್ಟುಡಿಯೋ. ಓದಿದ್ದರಲ್ಲಿ ಬಹಳಷ್ಟು ಮರೆತು ಹೋಗಿದೆ. ಒಂದು ಮಾತ್ರ ಉಳಿದಿದೆ: ಬಂದು ಹೋಗೋ ದೋಷವನ್ನ ಅದು ಬಂದಿರುವಾಗಲೇ ಹಿಡಿಯಬೇಕು. ಸ್ವಿಚ್ ಒತ್ತಿ ರೀಸ್ಟಾರ್ಟ್ ಮಾಡಿದಿರೋ, ಪೊಲೀಸರು ಬರೋ ಮೊದಲೇ ಕಳ್ಳತನ ಆದ ಕೋಣೆಯನ್ನ ಗುಡಿಸಿ ಸಾರಿಸಿದ ಹಾಗೆ. ಕಂಪನಿಗೆ ಬೇಕಾಗಿರೋದೂ ಅಷ್ಟೇ.

ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ನನ್ನ ದೊಡ್ಡಮ್ಮನ ಮಗಳು ಇದ್ದಾಳೆ. ಬೆಂಗಳೂರಿನ ಕಂಪನಿಯ ಕೆಲಸವನ್ನ ಮನೆಯಿಂದಲೇ ಮಾಡ್ತಾಳೆ. ದೊಡ್ಡಮ್ಮನಿಗೆ ಪಾರ್ಶ್ವವಾಯು ಆಗಿ ಹಾಸಿಗೆ ಹಿಡಿದಿದ್ದಾರೆ, ಬಿಟ್ಟು ಬರೋ ಹಾಗಿಲ್ಲ. ದಿನಕ್ಕೆ ನಾಲ್ಕೈದು ಸಲ ಮೀಟಿಂಗ್ ಮಧ್ಯೆ ಲೈನ್ ಕಟ್. ಮ್ಯಾನೇಜರ್ ಒಂದು ತಿಂಗಳ ಗಡುವು ಕೊಟ್ಟರು: ಇಂಟರ್ನೆಟ್ ಸರಿ ಮಾಡಿಕೊಳ್ಳಿ, ಇಲ್ಲಾಂದ್ರೆ ಆಫೀಸಿಗೆ ಬನ್ನಿ. "ಎಂತ ಮಾಡೂದು ಮಾರಾಯ, ಅಮ್ಮನ್ನ ಎತ್ಕೊಂಡು ಬರ್ಲಾ?" ಅಂದಳು.

ನಾನು ಫೋನಲ್ಲಿ ಹೇಳಿದೆ: ಅಕ್ಕ, ಇನ್ಮೇಲೆ ನೆಟ್ ಹೋದಾಗ ಸ್ವಿಚ್ ಮುಟ್ಟಬೇಡ. ಮೊದಲು ಪೆಟ್ಟಿಗೆಯ ದೀಪ ನೋಡು. ಎಲ್‌ಓಎಸ್ ಅಂತ ಬರೆದಿರೋ ದೀಪ ಕೆಂಪಗಿದೆಯಾ? ಮನೆಯಲ್ಲಿರೋ ಎಲ್ಲರ ಫೋನಲ್ಲೂ ಹೋಗಿದೆಯಾ, ಒಂದರಲ್ಲಿ ಮಾತ್ರವಾ? ಕರೆಂಟ್ ಇತ್ತಾ? ಮಳೆ ಗಾಳಿ ಇತ್ತಾ? ಗಂಟೆ ಸಮೇತ ಬರೆದಿಡು. ಮಗಳ ಹಳೇ ನೋಟ್‌ಬುಕ್ಕಲ್ಲಿ ಹನ್ನೆರಡು ದಿನ ಬರೆದಳು.

ಆ ನೋಟ್‌ಬುಕ್ ಓದಿದರೆ ಒಂದಲ್ಲ, ಎರಡು ಕಾಯಿಲೆ ಕಂಡವು.

ಒಂದು ಬರೀ ಸಂಜೆಯದ್ದು. ಕೆಂಪು ದೀಪ ಇಲ್ಲ. ಅಕ್ಕನ ಲ್ಯಾಪ್‌ಟಾಪಲ್ಲಿ ನೆಟ್ ಇಲ್ಲ, ಭಾವನ ಫೋನಲ್ಲಿ ಇದೆ. ಮರುದಿನ ಉಲ್ಟಾ. ಇದು ಮನೆಯೊಳಗಿನ ರೋಗ ಅಂತ ಇಷ್ಟರಲ್ಲೇ ಗೊತ್ತಾಗುತ್ತೆ. ವಿಚಾರಿಸಿದರೆ, ಮಹಡಿ ಮೇಲೆ ಸಿಗ್ನಲ್ ಸಾಲದು ಅಂತ ಭಾವನ ತಮ್ಮನ ಮಗ ಹಳೇ ರೂಟರ್ ಒಂದಕ್ಕೆ ವೈರ್ ಎಳೆದಿದ್ದಾನೆ. ಕಾಲೇಜಿಂದ ಬಂದ ಮೇಲೆ ಅದರ ಸ್ವಿಚ್ ಹಾಕ್ತಾನೆ. ಮನೆಯ ಪ್ರತಿ ಫೋನಿಗೂ ಒಂದು ವಿಳಾಸ ಹಂಚೋದು ರೂಟರಿನ ಕೆಲಸ. ಈಗ ಹಂಚೋರು ಇಬ್ಬರಾದರು. ಎರಡು ಪೆಟ್ಟಿಗೆಗಳ ಸ್ವಂತ ವಿಳಾಸವೂ ಒಂದೇ, 192.168.1.1. ಒಂದೇ ಊರಿಗೆ ಇಬ್ಬರು ಶಾನುಭೋಗರು ಬಂದು, ಒಂದೇ ಸರ್ವೆ ನಂಬರನ್ನ ಇಬ್ಬಿಬ್ಬರಿಗೆ ಬರೆದುಕೊಟ್ಟ ಹಾಗೆ. ಹಳೇ ರೂಟರಿನ ಸೆಟ್ಟಿಂಗ್ಸಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ಅದರ ವಿಳಾಸ ಬದಲಿಸಿದ ಮೇಲೆ ಸಂಜೆಯ ಗಲಾಟೆ ನಿಂತಿತು. ಇದಕ್ಕೆ ಕಂಪನಿಯನ್ನ ಬೈದರೆ ಪ್ರಯೋಜನ ಇರಲಿಲ್ಲ, ಅದನ್ನೂ ಹೇಳಬೇಕು.

ಎರಡನೇದು ಕಂಪನಿಯದ್ದೇ. ಗಾಳಿ ಬೀಸಿದಾಗ, ಮಳೆ ಹೊಡೆದಾಗ ಕೆಂಪು ದೀಪ. ಎಲ್‌ಓಎಸ್ ಅಂದರೆ ಪೆಟ್ಟಿಗೆಗೆ ಬೆಳಕೇ ತಲುಪುತ್ತಿಲ್ಲ ಅಂತ. ಫೈಬರ್ ಅಂದರೆ ಗಾಜಿನ ಎಳೆ ಸ್ವಾಮಿ, ಅದರೊಳಗೆ ಓಡೋದು ಬೆಳಕು. ಜಾಸ್ತಿ ಬಗ್ಗಿಸಿದರೆ ಬೆಳಕು ಪಕ್ಕಕ್ಕೆ ಸೋರಿ ಹೋಗುತ್ತೆ. ನಮ್ಮ ಮಲೆನಾಡಲ್ಲಿ ಕೇಬಲ್ ಎಳೆಯೋದು ಹೇಗೆ? ಕಂಬದಿಂದ ಅಡಿಕೆ ಮರಕ್ಕೆ, ಅಲ್ಲಿಂದ ಇನ್ನೊಂದು ಮರಕ್ಕೆ. ಜಾಯಿಂಟ್ ಹಾಕಿದ ಜಾಗಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ದಾರ ಕಟ್ಟೋದು. ಮರ ತೂಗಿದ ಹಾಗೆಲ್ಲ ಮೀಟಿಂಗೂ ತೂಗುತ್ತೆ!

ಅಷ್ಟು ದಿನ ಬರದ ಲೈನ್ ಹುಡುಗ, ದಿನಾಂಕ ಗಂಟೆ ಸಮೇತ ಪಟ್ಟಿಯನ್ನ ಇಮೇಲ್ ಮಾಡಿದ ಮೇಲೆ ಬಂದ. ಬಂದವನು ಕೆಲಸ ಗೊತ್ತಿದ್ದವನೇ, ಪಾಪ. ಪವರ್ ಮೀಟರ್ ಹಚ್ಚಿದರೆ ಮೈನಸ್ 28. ಸಾಮಾನ್ಯವಾಗಿ ಮನೆಯ ಪೆಟ್ಟಿಗೆಗೆ ಮೈನಸ್ 27ಕ್ಕಿಂತ ಕೆಳಗೆ ಹೋದರೆ ಉಸಿರಾಟವೇ ಕಷ್ಟ. ಜಾಯಿಂಟ್ ಕತ್ತರಿಸಿ ಹೊಸದಾಗಿ ಬೆಸೆದು ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟ. ಮೈನಸ್ 20ಕ್ಕೆ ಬಂತು. ಎಂಟು ಅಂಕಿ ಅಷ್ಟೇನಾ ಅನ್ನಬೇಡಿ. ಈ ಲೆಕ್ಕದಲ್ಲಿ ಮೂರು ಅಂಕಿ ಏರಿದರೆ ಬೆಳಕು ದುಪ್ಪಟ್ಟು, ಎಂಟು ಏರಿದರೆ ಆರು ಪಟ್ಟಿಗೂ ಹೆಚ್ಚು.

ನಿಮ್ಮ ಮನೆಯ ಕಾರಣ ಬೇರೆ ಇರಬಹುದು. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯೋ ಅರೆಕ್ಷಣದಲ್ಲಿ ರೂಟರ್ ಸತ್ತು ಹುಟ್ಟೋದು ಸಾಮಾನ್ಯ, ಅದಕ್ಕೇ ಅಂತ ಸಣ್ಣ ಯುಪಿಎಸ್ ಸಿಗುತ್ತೆ. ಅಪಾರ್ಟ್‌ಮೆಂಟಲ್ಲಿದ್ದರೆ ಅಕ್ಕಪಕ್ಕದ ವೈಫೈಗಳ ಜಗಳ, 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲು 1, 6, 11, ಈ ಮೂರೇ. ಲ್ಯಾಪ್‌ಟಾಪಿಗೆ ವೈರ್ ಚುಚ್ಚಿ ನೋಡಿ. ವೈರಲ್ಲಿ ಸರಿಯಿದ್ದು ವೈಫೈಯಲ್ಲಿ ಹೋಗ್ತಿದ್ದರೆ, ಅದಕ್ಕೆ ಹೊರಗಿನ ಕೇಬಲ್ ಕಾರಣ ಅಲ್ಲ.

ಈಗ ನನಗೆ ಸಿಟ್ಟು ಬರಿಸೋ ವಿಷಯಕ್ಕೆ ಬರ್ತೀನಿ. ಅಕ್ಕ ಹನ್ನೆರಡು ದಿನ ಬರೆದ ಲೆಕ್ಕ ಕಂಪನಿ ಬಳಿ ಮೊದಲಿಂದಲೂ ಇತ್ತು. ನಿಮ್ಮ ಮನೆಯ ಫೈಬರ್ ಪೆಟ್ಟಿಗೆ ಸಂಪರ್ಕ ಕಳೆದುಕೊಂಡಾಗಲೆಲ್ಲ ಆ ಕಡೆಯ ಯಂತ್ರದಲ್ಲಿ ಗಂಟೆ ನಿಮಿಷ ದಾಖಲಾಗುತ್ತೆ. ಕರೆಂಟ್ ಹೋಗಿ ಆರಿದ್ದಾ, ಬೆಳಕು ನಿಂತು ಆರಿದ್ದಾ ಅನ್ನೋದನ್ನೂ ಅದು ಗುರುತಿಸುತ್ತೆ. ಕರೆಂಟ್ ಹೋಗುವಾಗ ನಿಮ್ಮ ಪೆಟ್ಟಿಗೆ ಕೊನೆಯುಸಿರಿನ ಥರ ಒಂದು ಸಂದೇಶ ಕಳಿಸಿ ಆರುತ್ತೆ. ಅಂದರೆ, ರೀಸ್ಟಾರ್ಟ್ ಮಾಡಿ ಅನ್ನೋ ಬದಲು ಪರದೆ ನೋಡಿ ಕಾರಣ ಹೇಳಬಹುದಿತ್ತು. ಯಾಕೆ ಹೇಳಲ್ಲ? ದೂರು ಬೇಗ ಮುಚ್ಚಿದಷ್ಟೂ ಅವರ ಲೆಕ್ಕ ಚೆಂದ ಕಾಣುತ್ತೆ. ಇದು ನನ್ನ ಅಭಿಪ್ರಾಯ, ಅಲ್ಲ ಅನ್ನೋರು ದಾಖಲೆ ತೋರಿಸಲಿ.

ಹಾಗಾಗಿ ಮುಂದಿನ ಸಲ ಫೋನ್ ಮಾಡಿದಾಗ "ನೆಟ್ ಬರ್ತಿಲ್ಲ" ಅನ್ನಬೇಡಿ. "ಇಂಥ ದಿನ ಇಷ್ಟು ಗಂಟೆಗೆ ಎಲ್‌ಓಎಸ್ ಕೆಂಪಾಗಿತ್ತು, ನಿಮ್ಮ ಕಡೆಯ ದಾಖಲೆ ನೋಡಿ, ನನ್ನ ಆಪ್ಟಿಕಲ್ ಪವರ್ ಎಷ್ಟಿದೆ ಹೇಳಿ" ಅನ್ನಿ. ಡಾಕೆಟ್ ನಂಬರ್ ಇಲ್ಲದೆ ಫೋನ್ ಇಡಬೇಡಿ. ಟ್ರಾಯ್‌ನ 2012ರ ನಿಯಮದ ಪ್ರಕಾರ ಅದನ್ನ ಕೊಡಲೇಬೇಕು. ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಒಂದು ಪೈಸೆ ಶುಲ್ಕ ಇಲ್ಲ, 39 ದಿನದಲ್ಲಿ ತೀರ್ಮಾನ ಆಗಬೇಕು. ಅಲ್ಲೂ ಆಗದಿದ್ದರೆ ಗ್ರಾಹಕರ ನ್ಯಾಯಾಲಯ ಇದೆ. ಟೆಲಿಕಾಂ ದೂರನ್ನ ಅಲ್ಲಿ ಕೇಳೋ ಹಾಗಿಲ್ಲ ಅನ್ನೋ ಕಂಪನಿಗಳ ವಾದವನ್ನ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲೇ ತಳ್ಳಿಹಾಕಿದೆ. ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ.